ಕೂಸಿಗೆ ನೀರು ಹಾಕೋರು ಯಾರು?

ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆತಂದವರಿಗೆಲ್ಲ ಗೊತ್ತು, ನೋಡೋಕೆ ಬಂದವರು ಕೇಳುವ ಪ್ರಶ್ನೆಗಳು ಮೂರೇ. ಹೆರಿಗೆ ನಾರ್ಮಲ್ಲಾ, ಸಿಸೇರಿಯನ್ನಾ? ಮಗು ಯಾರ ಥರ ಇದೆ? ನೀರು ಹಾಕೋಕೆ ಯಾರು ಬರ್ತಾರೆ?

ಮೂರನೇ ಪ್ರಶ್ನೆಗೆ ಹಿಂದೆ ಉತ್ತರ ಹುಡುಕಬೇಕಿರಲಿಲ್ಲ. ಬಾಣಂತನ ತವರುಮನೆಯಲ್ಲಿ. ಅಜ್ಜಿಯೋ ದೊಡ್ಡಮ್ಮನೋ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲಿನ ಮೇಲಕ್ಕೆ ಸರಿಸಿ, ಕಾಲು ಚಾಚಿ ಕೂತರೆ ಆಯಿತು. ಪಕ್ಕದ ಹಂಡೆಯಲ್ಲಿ ನೀರು ಕಾಯುತ್ತಿರುತ್ತಿತ್ತು. ಈಗ ನಮ್ಮಂಥವರ ಬಾಣಂತನ ಬಾಡಿಗೆ ಫ್ಲ್ಯಾಟಿನಲ್ಲಿ. ಕಮೋಡಿಗೂ ಬಕೆಟ್ಟಿಗೂ ನಡುವೆ ಮಣೆ ಹಾಕಿದರೆ ಬಾಗಿಲು ಮುಚ್ಚೋದಿಲ್ಲ.

ನಮ್ಮ ಮನೆ ಲೆಕ್ಕ ಹೇಳ್ತೀನಿ ಕೇಳಿ. ಹೆಂಡತಿಗೆ ಸಿಸೇರಿಯನ್ ಆಗಿತ್ತು, ನೆಲದ ಮೇಲೆ ಕೂರುವಂತಿರಲಿಲ್ಲ. ಹಾಸನದ ಕಡೆಯಿಂದ ಬಂದ ಅತ್ತೆ ಮನೆತನದ ಹನ್ನೊಂದು ಕೂಸಿಗೆ ನೀರು ಹಾಕಿದ ಕೈಯವರು, ಆದರೆ ಎರಡೂ ಮಂಡಿ ಹೋಗಿವೆ. ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ನನ್ನ ಅಮ್ಮ ಈಗಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದಾಗ ಸಿಕ್ಕಿದ ಒಬ್ಬರು ಬೆಳಗಿನ ಹೊತ್ತಲ್ಲಿ ಐದು ಮನೆ ಮುಗಿಸುವವರು, ಅವರಿಗೆ ನಮ್ಮ ಮಗುವಿಗೆ ಬೇಕಾದಷ್ಟು ಪುರಸೊತ್ತು ಇರಲಿಲ್ಲ. ಉಳಿದವನು ನಾನೊಬ್ಬ.

ಅಳಿಯ ಬಚ್ಚಲಲ್ಲಿ ಕೂತು ಕೂಸಿಗೆ ನೀರು ಹಾಕೋದು ಅಂದರೆ ಅತ್ತೆಗೆ ಸಂಕೋಚ. "ನೀವು ಬಿಡಿ, ನಿಮಗ್ಯಾಕೆ ಇದೆಲ್ಲ" ಅಂತ ನಾಲ್ಕು ಸಲ ಅಂದರು. ಆದರೆ ಯಾರು ಹಾಕೋದು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಅದಕ್ಕೂ ಮೊದಲೇ ಬಂದು ಕೂತಿತ್ತು. ಯಾವಾಗ ಹಾಕೋದು?

ತೂಕದ ಲೆಕ್ಕ

ಮಗಳು ಹುಟ್ಟಿದ್ದು ಡಿಸೆಂಬರಿನ ಚಳಿಯಲ್ಲಿ. ತೂಕ 2.2 ಕೆ.ಜಿ. ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ತೂಕದ ಮಗು ಅಂತಲೇ ಲೆಕ್ಕ ಹಾಕುತ್ತಾರೆ. ಬೇರೆ ಯಾವ ತೊಂದರೆಯೂ ಇರಲಿಲ್ಲ. ಹಾಲು ಕುಡಿಯುತ್ತಿದ್ದಳು, ಗಂಟಲು ಕಿತ್ತು ಹೋಗುವ ಹಾಗೆ ಅಳುತ್ತಿದ್ದಳು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: "ಹೊಕ್ಕಳಬಳ್ಳಿ ಬಿದ್ದು, ತೂಕ ಎರಡೂವರೆ ಮುಟ್ಟುವ ತನಕ ನೀರು ಹಾಕಬೇಡಿ. ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ, ಸಾಕು."

ಪ್ರತಿ ಮಗುವಿಗೂ ಹೀಗೇ ಅಂತೇನಿಲ್ಲ, ನಿಮ್ಮ ಡಾಕ್ಟರು ಬೇರೆ ಹೇಳಬಹುದು. ಆದರೆ ಹುಟ್ಟಿದ ತಕ್ಷಣ ತೊಳೆಯಬಾರದು ಅನ್ನೋದು ಎಲ್ಲ ಮಕ್ಕಳಿಗೂ ಅನ್ವಯ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಿ ಅನ್ನುತ್ತದೆ. ಸಂಪ್ರದಾಯದ ಕಾರಣಕ್ಕೆ ಅಷ್ಟು ಕಾಯಲು ಆಗದಿದ್ದರೆ ಕನಿಷ್ಠ ಆರು ಗಂಟೆ. ಹುಟ್ಟಿದಾಗ ಮಗುವಿನ ಮೈಮೇಲೆ ಬೆಣ್ಣೆ ಸವರಿದ ಹಾಗೆ ಬಿಳಿ ಪದರ ಇರುತ್ತದಲ್ಲ, ಅದು ಕೊಳೆ ಅಲ್ಲ. ಚರ್ಮ ಒಣಗದ ಹಾಗೆ, ಸೋಂಕು ತಗುಲದ ಹಾಗೆ ಕಾಯುವುದು ಅದೇ. ತಿಕ್ಕಿ ತೆಗೆಯಬೇಕಿಲ್ಲ.

ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಪ್ರಕಾರ ಕೂಸು ನಿದ್ದೆ ಮಾಡೋದು ನೀರಿನಿಂದ, ಮೈ ತುಂಬೋದು ನೀರಿನಿಂದ, ಅಳು ನಿಲ್ಲೋದೂ ನೀರಿನಿಂದ. ನಾನು ಡಾಕ್ಟರ ಚೀಟಿ ತೋರಿಸಿದೆ. ಓದಿ ಮಡಚಿ ಟೇಬಲ್ ಮೇಲಿಟ್ಟರು.

"ಹಾಗಾದ್ರೆ ನಾನು ಬಂದು ಏನು ಮಾಡ್ಲಿ?" ಅಂದರು.

ಆ ಮಾತಿಗೆ ಚೀಟಿಯಲ್ಲಿ ಉತ್ತರ ಇರಲಿಲ್ಲ. ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳ ಮುಂಚೆಯೇ ಗಾಣದಿಂದ ಕೊಬ್ಬರಿ ಎಣ್ಣೆ ಮಾಡಿಸಿ, ಸೀಗೆಪುಡಿ ಕುಟ್ಟಿಸಿ, ಹಳೇ ಹತ್ತಿ ಸೀರೆಗಳನ್ನು ಒಗೆದು ಮಡಚಿ ತಂದವರು ಅವರು. ಅವರಿಗೆ ಗೊತ್ತಿದ್ದ ಕೆಲಸವನ್ನೇ ಬೇಡ ಅಂದುಬಿಟ್ಟ ಹಾಗಾಗಿತ್ತು.

ಬಿಸಿ ಎಲ್ಲಿ ಹೋಗುತ್ತದೆ?

ಡಾಕ್ಟರು ಹಾಗಂದದ್ದು ಯಾಕೆ ಅಂತ ಮೊದಲು ನಾನು ತಿಳ್ಕೊಂಡೆ, ಆಮೇಲೆ ಅತ್ತೆಗೆ ಹೇಳಿದೆ. ನಮಗೆ ಚಳಿಯಾದರೆ ಮೈ ನಡುಗುತ್ತದೆ, ನಡುಗಿ ಬಿಸಿ ಮಾಡಿಕೊಳ್ಳುತ್ತದೆ. ಹಸುಗೂಸಿಗೆ ಹಾಗೆ ನಡುಗೋಕೆ ಬರಲ್ಲ. ಬೆನ್ನಿನ ಮೇಲ್ಭಾಗದಲ್ಲಿ, ಭುಜಗಳ ನಡುವೆ ಕಂದುಕೊಬ್ಬು ಅಂತ ಒಂದಿಷ್ಟು ಇರುತ್ತದೆ, ಅದನ್ನು ಕರಗಿಸಿಕೊಂಡು ಮೈ ಬೆಚ್ಚಗಿಟ್ಟುಕೊಳ್ಳುತ್ತದೆ. ತೂಕ ಕಡಿಮೆ ಇರುವ ಮಗುವಿನ ಹತ್ತಿರ ಆ ದಾಸ್ತಾನೂ ಕಡಿಮೆ. ಮೇಲಾಗಿ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಒದ್ದೆ ಮೈ ಆರುವಾಗ ನೀರಿನ ಜೊತೆ ಬಿಸಿಯೂ ಹೋಗುತ್ತದೆ. ಹೋದ ಬಿಸಿಯನ್ನು ಮತ್ತೆ ಗಳಿಸೋಕೆ ಖರ್ಚಾದ ಶಕ್ತಿ ತೂಕ ಏರೋಕೆ ಸಿಗಲ್ಲ.

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಹಸುಗೂಸಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅಂಗಾಲು ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಚಳಿ ಶುರುವಾಗಿದೆ ಅಂತ. ಹೊಟ್ಟೆಯೂ ತಣ್ಣಗಿದ್ದರೆ ತಡಮಾಡುವಂತಿಲ್ಲ.

ಅತ್ತೆಗೆ ಕೆಲಸ ಸಿಕ್ಕಿದ್ದು ಇಲ್ಲೇ. ಇಂಥ ಮಗುವಿಗೆ ಕಾಂಗರೂ ಆರೈಕೆ ಅಂತ ಹೇಳುತ್ತಾರೆ. ಡೈಪರ್, ಟೊಪ್ಪಿ, ಕಾಲುಚೀಲ ಬಿಟ್ಟು ಬೇರೇನೂ ಹಾಕದೆ ಮಗುವನ್ನು ಎದೆಗೆ ಮೈತಾಗಿಸಿ ಹೊದಿಸಿಕೊಂಡು ಕೂರುವುದು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ಡಾ. ಎಡ್ಗರ್ ರೇ ಎಂಬ ವೈದ್ಯರು ಶುರುಮಾಡಿದ ಪದ್ಧತಿ, ಈಗ ಜಗತ್ತೆಲ್ಲ ನಡೆಯುತ್ತಿದೆ. ತಾಯಿಯೇ ಆಗಬೇಕೆಂದಿಲ್ಲ, ಅಪ್ಪ, ಅಜ್ಜಿ ಯಾರಾದರೂ ಸರಿ. ವಿವರಿಸಿದ್ದೇ ಅತ್ತೆ, "ಇದಕ್ಕೆ ಹೊರದೇಶದಿಂದ ಹೆಸರು ತರಬೇಕಿತ್ತಾ? ಸೆರಗಲ್ಲಿ ಸುತ್ತಿ ಎದೆಗೆ ಹಾಕ್ಕೊಂಡೇ ನಾವು ಸಾಕಿದ್ದು" ಅಂದರು. ಅವತ್ತಿಂದ ಮಧ್ಯಾಹ್ನದ ಪಾಳಿ ಅವರದು.

ಹನ್ನೊಂದನೇ ದಿನ

ಮನೆಯೊಳಗೆ ಒಪ್ಪಂದ ಆಯಿತು ಅನ್ನುವಷ್ಟರಲ್ಲಿ ಹೊರಗಿಂದ ಫೋನು. ನನ್ನ ಸೋದರತ್ತೆ. ಹನ್ನೊಂದನೇ ದಿನ ಪುರುಡು ಕಳೆಯುತ್ತದೆ, ಅವತ್ತು ತಾಯಿಗೂ ಮಗುವಿಗೂ ತಲೆಗೆ ನೀರು ಬೀಳಲೇಬೇಕು, ನಾವು ಹದಿನಾಲ್ಕು ಜನ ಬರ್ತಿದ್ದೀವಿ.

ಮಕ್ಕಳು ಹುಟ್ಟಿದ ಮೊದಲ ವಾರದಲ್ಲಿ ಸ್ವಲ್ಪ ತೂಕ ಇಳಿದು ಮತ್ತೆ ಏರುತ್ತಾರೆ. ನಮ್ಮವಳು ಹತ್ತನೇ ದಿನಕ್ಕೆ ಹುಟ್ಟಿದಾಗಿನ 2.2ಕ್ಕೆ ವಾಪಸ್ ಬಂದಿದ್ದಳು, ಅಷ್ಟೇ. ಹೊಕ್ಕಳ ಒಣಗಿತ್ತು, ಬಿದ್ದಿರಲಿಲ್ಲ. ಹೊರಗೆ ಚಳಿ, ಮೋಡ. ಹೆಂಡತಿ ನನ್ನ ಮುಖ ನೋಡಿದಳು. ಸೋದರತ್ತೆಗೆ ಬೇಡ ಅಂದರೆ ಸಂಬಂಧ ಕೆಡುತ್ತದೆ, ಹೂಂ ಅಂದರೆ ಮಗುವನ್ನು ಪಣಕ್ಕಿಟ್ಟ ಹಾಗೆ. ನನ್ನ ನಿರ್ಧಾರ ಆಗಿತ್ತು, ನೀರು ಹಾಕಲ್ಲ. ಅದನ್ನು ಹದಿನಾಲ್ಕು ಜನರ ಎದುರು ಹೇಳೋದು ಹೇಗೆ ಅನ್ನೋದೇ ತಲೆಬಿಸಿ.

ಆ ಸಂಜೆ ಅತ್ತೆ ಊರಿಗೆ ಫೋನ್ ಮಾಡಿದರು. ಅವರ ಬೀದಿಯಲ್ಲೇ ಇರುವ ಆಶಾ ಕಾರ್ಯಕರ್ತೆಗೆ. ಹೆರಿಗೆಯಾದ ಮನೆಗಳಿಗೆ 42 ದಿನದೊಳಗೆ ಹಲವು ಸಲ ಹೋಗಿ ಮಗುವಿನ ತೂಕ, ಮೈಬಿಸಿ, ಹೊಕ್ಕಳು ನೋಡುವುದು ಆಶಾಗಳ ಕೆಲಸ. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು. "ಅಯ್ಯೋ ಅಮ್ಮಾ, ತೂಕ ಕಮ್ಮಿ ಇರೋ ಕೂಸಿಗೆ ಈ ಚಳೀಲಿ ನೀರು ಹಾಕಬೇಡಿ. ನಮ್ಮೂರಲ್ಲೂ ಯಾರಿಗೂ ನಾನು ಬಿಡಲ್ಲ." ಬೆಂಗಳೂರಿನ ಡಾಕ್ಟರು ಹೇಳಿದ್ದು ಬೇರೆ, ತಮ್ಮ ಕಣ್ಣೆದುರು ಬೆಳೆದ ಹುಡುಗಿ ಹೇಳಿದ್ದು ಬೇರೆ.

ಹನ್ನೊಂದನೇ ದಿನ ಎಲ್ಲರೂ ಬಂದರು. ಸೋದರತ್ತೆ ಸೀದಾ ಬಚ್ಚಲ ಕಡೆ ಹೊರಟರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು, ಒಂದು ಮಾವಿನೆಲೆ ಹಿಡಿದುಕೊಂಡು ಹಾಲಿಗೆ ಬಂದರು. "ಕೂಸು ಸಣ್ಣದಿದೆ. ಪ್ರೋಕ್ಷಣೆ ಮಾಡಿದ್ರೂ ಶುದ್ಧಿಯೇ. ನಮ್ಮ ಕಡೆ ನಡೀತದೆ" ಅಂದರು. ಸೋದರತ್ತೆಯ ಕೈಗೇ ಮಾವಿನೆಲೆ ಕೊಟ್ಟರು. ಹಿರಿಯರ ಕೈಯಿಂದಲೇ ಆಗಲಿ ಅಂತ. ಮಗುವಿನ ಪಾದಕ್ಕೆ ನಾಲ್ಕು ಹನಿ ಬಿತ್ತು, ತಕ್ಷಣ ಒರೆಸಿ ಕಾಲುಚೀಲ ಹಾಕಿದರು. ಹೋಳಿಗೆ ಊಟ ಮಾಡಿ ಎಲ್ಲರೂ ಸಂತೋಷವಾಗಿ ಹೋದರು.

ನಾನು ಎರಡು ದಿನ ಗೂಗಲ್ ಮಾಡಿದ್ದರೂ ಆ ನಾಲ್ಕು ಹನಿಯ ಉಪಾಯ ಹೊಳೆಯುತ್ತಿರಲಿಲ್ಲ. ಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ಅದನ್ನು ಎಲ್ಲಿ ಸಡಿಲಿಸಬಹುದು ಅಂತ ಗೊತ್ತಿರುತ್ತದೆ.

ಕಾಲ ಮೇಲಿನ ಪಾಠ

ಹೊಕ್ಕಳು ಹದಿಮೂರನೇ ದಿನ ತಾನಾಗಿ ಬಿತ್ತು. ಅದಕ್ಕೆ ಅರಿಸಿನ, ಎಣ್ಣೆ, ಬೂದಿ ಏನೂ ಹಚ್ಚಿರಲಿಲ್ಲ, ಒಣಗಲು ಬಿಟ್ಟಿದ್ದೆವು. ಇಪ್ಪತ್ತೈದನೇ ದಿನ ತೂಕ ಎರಡೂವರೆ ಮುಟ್ಟಿತು. ಡಾಕ್ಟರು ಹಸಿರು ನಿಶಾನೆ ಕೊಟ್ಟರು. ಮಾರನೇ ದಿನ ಬಿಸಿಲೇರಿದ ಮೇಲೆ, ಬಚ್ಚಲ ಬಾಗಿಲಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಮಣೆಯ ಮೇಲೆ ನಾನು, ಲುಂಗಿ ಎತ್ತಿ ಕಟ್ಟಿಕೊಂಡು.

"ಮೊದ್ಲು ಎಲ್ಲಾ ಸಾಮಾನು ಕೈಗೆ ಸಿಗೋ ಹಂಗೆ ಜೋಡಿಸ್ಕೊಳ್ಳಿ. ಆಮೇಲೆ ಕೂಸು. ಮಧ್ಯೆ ಏಳೋ ಹಂಗಿಲ್ಲ." ಒಣ ಬಟ್ಟೆ ಎರಡು, ಟೊಪ್ಪಿ, ತೊಡಿಸುವ ಅಂಗಿ, ಚೊಂಬು.

"ಬಕೆಟ್ಟಿಗೆ ತಣ್ಣೀರು ಮೊದ್ಲು. ಬಿಸಿನೀರು ಆಮೇಲೆ. ಕೈ ಹಾಕಿ ಕದಡಿ." ತಣ್ಣೀರು ಮೊದಲಿದ್ದರೆ ಅಪ್ಪಿತಪ್ಪಿಯೂ ಬರೀ ಕುದಿನೀರು ಚೊಂಬಿಗೆ ಬರಲ್ಲ. ಕದಡದಿದ್ದರೆ ಮೇಲೊಂದು ಬಿಸಿ, ಕೆಳಗೊಂದು ಬಿಸಿ. ಹದ ಎಷ್ಟು? ಮೊಣಕೈ ಅದ್ದಿದರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಥರ್ಮಾಮೀಟರ್ ಭಾಷೆಯಲ್ಲಿ 37, 38 ಡಿಗ್ರಿ. ದೊಡ್ಡವರ ಅಭ್ಯಂಜನದ ಹಬೆನೀರು ಕೂಸಿಗೆ ಆಗುವುದಿಲ್ಲ.

"ಕಾಲು ಜೋಡಿಸಿ, ಸಂದು ಬಿಡಬೇಡಿ. ಮೇಲೆ ಹಳೇ ಪಂಚೆ ಹಾಸಿ." ಎಣ್ಣೆ ಹಚ್ಚಿದ ಕೂಸು ಸೋಪಿನಂತೆ ಜಾರುತ್ತದೆ, ಪಂಚೆ ಹಿಡಿದಿಟ್ಟುಕೊಳ್ಳುತ್ತದೆ. ತಲೆ ನನ್ನ ಪಾದದ ಕಡೆ, ಕಾಲು ನನ್ನ ಹೊಟ್ಟೆ ಕಡೆ.

"ಪ್ರತಿ ಚೊಂಬೂ ಮೊದ್ಲು ನಿಮ್ಮ ಮೊಣಕಾಲಿಗೆ ತಾಗಿಸಿ, ಆಮೇಲೆ ಕೂಸಿಗೆ." ಇದಕ್ಕಿಂತ ಒಳ್ಳೆಯ ಅಲಾರಂ ಇಲ್ಲ. ಬಿಸಿ ಹೆಚ್ಚಾದರೆ ಮೊದಲು ಚೀರುವವನು ನಾನು.

"ಮುಖಕ್ಕೆ ಎತ್ತರದಿಂದ ಸುರೀಬೇಡಿ. ಬರೀ ಒದ್ದೆ ಕೈಲಿ ಒರೆಸಿ. ತಲೆ ಕೊನೇಲಿ." ತಲೆ ದೊಡ್ಡದು, ಬಿಸಿ ಹೆಚ್ಚು ಹೋಗುವುದು ಅಲ್ಲಿಂದ. ಕೊನೆಗೆ ತೊಳೆದು ಮೊದಲು ಒರೆಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದು, ಹಾಲು ಇಳಿದು ಹುಳಿಯಾಗುವ ಜಾಗಗಳು ಇವೇ.

ಎಲ್ಲ ಸೇರಿ ಐದು ನಿಮಿಷ. ಹತ್ತು ದಾಟಬಾರದು. ಕೊನೆ ಚೊಂಬು ಹಾಕುವ ಹೊತ್ತಿಗೆ ಅಳು ನಿಂತು, ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ಅತ್ತೆ ಏನೂ ಅನ್ನಲಿಲ್ಲ, ಬೆಚ್ಚಗಿನ ಬಟ್ಟೆ ಹಿಡಿದು ಎರಡೂ ಕೈ ಚಾಚಿದರು.

ಮೇಲೆ ಅತ್ತೆ, ಒಳಗೆ ಡಾಕ್ಟರು

ಆ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂದು ಸುಲಭದ ಸೂತ್ರ ತಯಾರಾಯಿತು. ಮೈಮೇಲೆ ಹಚ್ಚೋದು ಅತ್ತೆ ಖಾತೆ. ಮೈಯೊಳಗೆ ಹೋಗೋದು ಡಾಕ್ಟರ ಖಾತೆ.

ಕೊಬ್ಬರಿ ಎಣ್ಣೆ ಮೃದುವಾಗಿ ನೀವುವುದು ಮೇಲಿನದು, ಹಚ್ಚಿ. ಅದೇ ಎಣ್ಣೆಯನ್ನು ಕಿವಿಗೆ, ಮೂಗಿಗೆ ಬಿಡುವುದು ಒಳಗಿನದು, ಬೇಡ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಸಾಂಬ್ರಾಣಿ ಹೊಗೆ ಕೂಡ ಒಳಗಿನದೇ, ಉಸಿರಿನ ಜೊತೆ ಹೋಗುತ್ತದಲ್ಲ. ಅತ್ತೆ ದೇವರಮನೆಯಲ್ಲಿ ಹಾಕಿ ತೃಪ್ತಿಪಟ್ಟರು. ಪೌಡರಿನ ಧೂಳೂ ಹಾಗೆಯೇ. ಕಾಡಿಗೆ ಕಣ್ಣಿನೊಳಗಿನದು, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಅದರ ಬದಲು ಅಂಗಾಲಿಗೊಂದು ದೃಷ್ಟಿಬೊಟ್ಟು.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಹಸುಗೂಸಿನ ಎದೆ ಉಬ್ಬಿದ್ದರೆ ನೀರು ಹಾಕುವಾಗ ಹಿಂಡಿ 'ಹಾಲು ತೆಗೆಯುವ' ರೂಢಿ ಹಲವು ಕಡೆ ಇದೆ. ಗಂಡಾಗಲಿ ಹೆಣ್ಣಾಗಲಿ, ಆ ಉಬ್ಬು ತಾಯಿಯ ಹಾರ್ಮೋನಿನಿಂದ ಬಂದದ್ದು, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ಕೀವು ತುಂಬಬಹುದು. ಯಾರೇ ನೀರು ಹಾಕಲು ಬರಲಿ, ಮೊದಲೇ ಹೇಳಿಬಿಡಿ.

ಕಡಲೆಹಿಟ್ಟಿನಿಂದ ತಿಕ್ಕುವುದು ಮೇಲಿನದೇ ಆದರೂ ನಾವು ಬಿಟ್ಟೆವು. ಮೈಮೇಲಿನ ನುಣ್ಣನೆ ಕೂದಲು ತಾನೇ ಉದುರುತ್ತದೆ, ತಿಕ್ಕಿದರೆ ಚರ್ಮ ತರಚುತ್ತದೆ. ದಿನವೂ ನೀರು ಹಾಕಲೇಬೇಕಂತಿಲ್ಲ. ವಾರಕ್ಕೆ ಮೂರು ದಿನ ಹಾಕಿ ಉಳಿದ ದಿನ ಒರೆಸಿದರೂ ಮಗು ಚೊಕ್ಕಟವಾಗಿಯೇ ಇರುತ್ತದೆ. ಬೋರ್‌ವೆಲ್ಲಿನ ಗಡಸುನೀರು ಬರುವ ಮನೆಗಳಲ್ಲಿ ಚರ್ಮ ಬೇಗ ಒಣಗುತ್ತದೆ, ಒರೆಸಿದ ಮೇಲೂ ತೆಳ್ಳಗೆ ಎಣ್ಣೆ ಸವರಿ.

ಬಾಡಿಗೆ ಮನೆಯವರು ಗಮನಿಸಿ. ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ, ಬಾಗಿಲು ಕಿಟಕಿ ಮುಚ್ಚಿ ಅದನ್ನು ಉರಿಸುತ್ತಾ ಮಗುವಿಗೆ ನೀರು ಹಾಕಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಸ್ನಾನ ಬೇರೆ ಕೋಣೆಯಲ್ಲಿ ಟಬ್ಬಿನಲ್ಲಾದರೂ ಆಗಲಿ. ನೀರು ಕಾಯಿಸುವ ರಾಡ್ ಇದ್ದರೆ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

ಹೊಕ್ಕಳ ಸುತ್ತ ಕೆಂಪಾದರೆ, ಕೀವು ಅಥವಾ ವಾಸನೆ ಬಂದರೆ, ಮಗು ಹಾಲು ಬಿಟ್ಟು ಮಂಕಾದರೆ, ತುಟಿ ನೀಲಿಯಾದರೆ, ಮೈ ತಣ್ಣಗಾಗಿ ಎದೆಗವಚಿಕೊಂಡರೂ ಬಿಸಿಯೇರದಿದ್ದರೆ, ಅವತ್ತು ನೀರಿನ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ.

ಕ್ಯಾಲೆಂಡರಿನಲ್ಲಿ 'ನೀರು'

ತಾಯಂದಿರ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು. ಅಪ್ಪಂದಿರಿಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದರೆ 15 ದಿನ. ಖಾಸಗಿಯಲ್ಲಿ ಕಂಪನಿ ಮನಸ್ಸು ಮಾಡಿದಷ್ಟು. ನನಗೆ ಸಿಕ್ಕ ಹತ್ತು ದಿನ ಪುರುಡು ಕಳೆಯುವುದಕ್ಕೂ ಸಾಲಲಿಲ್ಲ. ಆಮೇಲೆ ಮನೆಯಿಂದಲೇ ಕೆಲಸ ಇದ್ದ ದಿನಗಳಲ್ಲಿ ಆಫೀಸ್ ಕ್ಯಾಲೆಂಡರಿನಲ್ಲಿ 11ರಿಂದ 11.30 ಬ್ಲಾಕ್ ಮಾಡಿ 'ನೀರು' ಅಂತ ಬರೆದಿಟ್ಟೆ. ಮ್ಯಾನೇಜರ್ ಒಂದು ದಿನ ಕೇಳಿದರು. ಹೇಳಿದೆ. ಅವತ್ತಿಂದ ಆ ಹೊತ್ತಿಗೆ ಯಾರೂ ಮೀಟಿಂಗ್ ಹಾಕಿಲ್ಲ.

ಅತ್ತೆ ಮಾರ್ಚಿನಲ್ಲಿ ಊರಿಗೆ ಹೊರಟರು. ಹೊರಡುವ ದಿನ ಎಣ್ಣೆ ಬಾಟಲಿ ಮಗಳ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು. "ಮುಗಿಯೋಕೆ ಮುಂಚೆ ಹೇಳಿ, ಕಳಿಸ್ತೀನಿ" ಅಂದರು.

ನಿಮ್ಮ ಮನೆಯಲ್ಲೂ ಅಂಥ ಕೈ ಒಂದಿದ್ದರೆ ಅದು ಎಷ್ಟು ದಿನ ಇರುತ್ತದೆ ಅಂತ ಲೆಕ್ಕ ಹಾಕಿ, ಮೊದಲ ವಾರದಿಂದಲೇ ಪಕ್ಕದಲ್ಲಿ ಕೂತು ನೋಡಿ. ವಿಡಿಯೋ ಮಾಡಿಟ್ಟುಕೊಂಡರೆ ಸಾಲದು. ಹದ ಕಲಿಯೋದು ಮೊಣಕಾಲು, ಮೊಣಕೈ. ಅಪ್ಪಂದಿರೇ, ಈಗಲೇ ಒಂದು ಹಳೇ ಪಂಚೆ ಹುಡುಕಿ ಒಗೆದಿಟ್ಟುಕೊಳ್ಳಿ.